ಕಂಡಮ್ ಪಟ್ಟಿಗೆ ಸಹಿ ಹಾಕುವ ಮುನ್ನ: ಏರ್ ಟ್ರಾಫಿಕ್ ಕಂಟ್ರೋಲರುಗಳಿಗೊಂದು ಬಹಿರಂಗ ಪತ್ರ

ಟವರಿನಲ್ಲಿ ಇಂದು ಪಾಳಿಯಲ್ಲಿರುವ, ಒಂದು ಕಾಲದಲ್ಲಿ ಪಾಳಿ ಮಾಡಿ ಈಗ ನಿವೃತ್ತರಾಗಿರುವ ಎಲ್ಲ ಏರ್ ಟ್ರಾಫಿಕ್ ಕಂಟ್ರೋಲರುಗಳಿಗೆ,

ನಾನು ನಿಮ್ಮ ವೃತ್ತಿಯವನಲ್ಲ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಹಳೆಯ ಮರದ ಸಾಮಾನು ದುರಸ್ತಿ ಮಾಡುವುದು ನನ್ನ ಕಸುಬು. ಬೀಟೆಯ ಮಂಚ, ತೇಗದ ಬೀರು, ವಕೀಲರ ಮನೆಯ ಮೇಜು, ರೈಲ್ವೆ ಹರಾಜಿನ ಬೆಂಚು ಇವುಗಳ ನಡುವೆಯೇ ನನ್ನ ದಿನ ಕಳೆಯುತ್ತದೆ. ಯಾವ ಸಾಮಾನು ಬಂದರೂ ಅದು ಎಲ್ಲಿತ್ತು, ಯಾರು ಬಳಸುತ್ತಿದ್ದರು, ಕೈ ಎಲ್ಲಿ ಊರುತ್ತಿತ್ತು ಎಂಬುದನ್ನು ಸವೆತ ನೋಡಿ ಬಹುಮಟ್ಟಿಗೆ ಹೇಳಬಲ್ಲೆ. ನಿಮ್ಮ ಕೋಣೆಗಳಿಂದ ಬಂದ ಸಾಮಾನಿನ ಮುಂದೆ ಮಾತ್ರ ನನ್ನ ಈ ವಿದ್ಯೆ ಅರ್ಧಕ್ಕೇ ನಿಲ್ಲುತ್ತದೆ. ಉಳಿದರ್ಧ ನಿಮ್ಮ ಹತ್ತಿರ ಇದೆ. ಅದನ್ನು ಕೇಳುವುದಕ್ಕೇ ಈ ಪತ್ರ.

ವಿಷಯ ಇಷ್ಟು. ಹಳೆಯ ಟವರುಗಳಲ್ಲಿ, ಅಪ್ರೋಚ್ ಮತ್ತು ಏರಿಯಾ ಕಂಟ್ರೋಲಿನ ಹಳೆಯ ಕೋಣೆಗಳಲ್ಲಿ ಇದ್ದ ಮರದ ಕನ್ಸೋಲು, ಇಳಿಜಾರಾದ ಸ್ಟ್ರಿಪ್ ಬೋರ್ಡು, ನಕ್ಷೆ ಹಾಸುವ ಮೇಜು, ಲಾಗ್ ಪುಸ್ತಕದ ಗೂಡು ಇವೆಲ್ಲ ಹೊಸ ಉಪಕರಣ ಬಂದಾಗ ಕೆಳಗಿನ ಸ್ಟೋರಿಗೆ ಇಳಿಯುತ್ತವೆ. ಕೆಲವು ವರ್ಷ ಅಲ್ಲಿ ಧೂಳು ತಿಂದು, ಒಂದು ದಿನ ಕಂಡಮ್ ಪಟ್ಟಿಗೆ, ಅಂದರೆ ಬೇಡವೆಂದು ಹರಾಜಿಗಿಡುವ ಸಾಮಾನಿನ ಪಟ್ಟಿಗೆ, ಸೇರುತ್ತವೆ. ಆ ಪಟ್ಟಿಯಲ್ಲಿ ಅವುಗಳಿಗೆ ಸ್ವಂತ ಹೆಸರೂ ಇರುವುದಿಲ್ಲ. ಮುರಿದ ಕುರ್ಚಿ, ಗೆದ್ದಲು ಹಿಡಿದ ರ‍್ಯಾಕುಗಳ ಜೊತೆ ಒಂದೇ ಲಾಟಿನಲ್ಲಿ ಹರಾಜಾಗುತ್ತವೆ. ಕೊಳ್ಳುವವರು ತೇಗದ ಘನ ಅಡಿ ಲೆಕ್ಕ ಹಾಕುತ್ತಾರೆ, ಹಿತ್ತಾಳೆಯ ಸ್ಕ್ರೂಗಳನ್ನು ಬಿಚ್ಚಿ ಬೇರೆ ಮಾರುತ್ತಾರೆ. ಕೊಂಡವರಿಗೆ ಅದೇನೆಂದು ಗೊತ್ತಿಲ್ಲ. ಗೊತ್ತಿದ್ದ ನಿಮಗೆ ಅದೊಂದು ಉಳಿಸಬೇಕಾದ ವಸ್ತು ಅನ್ನಿಸಿಲ್ಲ. ಹೀಗೆ ಹೇಳುವುದಕ್ಕೆ ಬೇಸರಿಸಬೇಡಿ. ದಿನವೂ ಬಳಸಿದ ಮೇಜು ಯಾರಿಗೂ ಚರಿತ್ರೆಯಾಗಿ ಕಾಣುವುದಿಲ್ಲ.

ಒಂದು ಮೇಜಿನ ಮಾತು ಹೇಳುತ್ತೇನೆ. ಗಿರಾಕಿಯೊಬ್ಬರು ತಂದದ್ದು. ಯಾವ ನಿಲ್ದಾಣದ್ದು ಎಂದು ಬರೆಯುವುದಿಲ್ಲ. ದಕ್ಷಿಣದ ಒಂದು ಹಳೆಯ ವಿಮಾನ ನಿಲ್ದಾಣದ್ದು, ಮೂರು ಕೈ ದಾಟಿ ಬಂದದ್ದು. ಅವರಿಗೆ ಅದನ್ನು ಹೋಟೆಲಿನ ಕೌಂಟರ್ ಮಾಡಿಕೊಡಬೇಕಿತ್ತು. ತೇಗದ ಚೌಕಟ್ಟು, ಮೇಲೆ ಪ್ಲೈವುಡ್, ಇಡೀ ಮೇಜಿಗೆ ಹೊಳಪಿಲ್ಲದ ಕಪ್ಪು ಬಣ್ಣ. ಎರಡು ಬದಿಗಳೂ ನೇರವಾಗಿರಲಿಲ್ಲ, ಓರೆಯಾಗಿದ್ದವು. ಆರೆಂಟು ಮೂಲೆಗಳ ಗಾಜಿನ ಕೋಣೆಯೊಳಗೆ ಪಕ್ಕದ ಮೇಜಿಗೆ ಅಂಟಿ ಕೂರಲಿ ಎಂದು ಹಾಗೆ ಕೊಯ್ದಿದ್ದರು. ಕಾಲುಗಳಿಗೆ ಅಂಟು ಹಾಕಿರಲಿಲ್ಲ, ಬೋಲ್ಟು ಹಾಕಿದ್ದರು. ಒಳಗಡೆ ಉಳಿಯಿಂದ ಕೆತ್ತಿದ ಒಂದು ಗೀಟು, ಎರಡು ಗೀಟು, ಮೂರು ಗೀಟು. ಟವರಿನ ಕಿರಿದಾದ ಮೆಟ್ಟಿಲಲ್ಲಿ ಬಿಡಿ ಬಿಡಿಯಾಗಿ ಹೊತ್ತು ಮೇಲೆ ಜೋಡಿಸಿದ ಬಡಗಿಯ ಗುರುತು ಅದು. ನನ್ನ ಕಸುಬಿನವರು ಯಾರು ನೋಡಿದರೂ ಅಷ್ಟು ಓದಬಲ್ಲರು.

ಮುಂದಿನದು ಓದಲಾಗಲಿಲ್ಲ. ಮೇಜಿನ ಹಲಗೆಯಲ್ಲಿ ದುಂಡಗಿನ ರಂಧ್ರಗಳು, ಆಮೇಲೆ ಮರದ ಬಿಲ್ಲೆ ಹಾಕಿ ಮುಚ್ಚಿದವು. ಅವುಗಳ ಪಕ್ಕದಲ್ಲಿ ಚೌಕದ ರಂಧ್ರ, ಅದನ್ನೂ ಮುಚ್ಚಿ ಇನ್ನೊಂದು. ಬಲಗಡೆಯ ಅಂಚಿನಲ್ಲಿ ಬಣ್ಣ ಹೋಗಿ ಮರ ಕಾಣುವಷ್ಟು ಸವೆತ, ಎಡಗಡೆ ಬಣ್ಣ ಹೊಸದರಂತೆ. ನಡುವೆ ಎದುರಿಗೆ ಎದ್ದು ನಿಂತ ಇಳಿಜಾರು ಹಲಗೆ, ಅದರ ಮೇಲೆ ಎರಡು ಉದ್ದ ಪಟ್ಟಿ. ಒಂದು ಪಟ್ಟಿಯ ಕೆಳತುದಿ ಮಾತ್ರ ಅರ್ಧ ನೂಲು ತೇದು ಹೋಗಿತ್ತು. ಅಂಚಿನುದ್ದಕ್ಕೂ ಸಿಗರೇಟಿನ ಸುಟ್ಟ ಕಲೆ.

ಗಿರಾಕಿಯ ಪರಿಚಯದವರು, ಕರಾವಳಿ ಕಡೆಯ ನಿವೃತ್ತ ಕಂಟ್ರೋಲರೊಬ್ಬರು ಅಂಗಡಿಗೆ ಬಂದರು. ನಮ್ಮ ಹುಡುಗ ಆಗಷ್ಟೇ ಮರಳು ಕಾಗದ ಕೈಗೆತ್ತಿಕೊಂಡಿದ್ದ.

"ಬಣ್ಣ ಕೆರೀಬೇಡಿ ಮಾರಾಯ್ರೇ," ಅಂದರು ಬಾಗಿಲಲ್ಲೇ. "ಅದು ಹೊಳಪು ಹೋಗಿ ಹಾಗಾದದ್ದಲ್ಲ. ಬೇಕಂತಲೇ ಹಾಗೆ ಬಳಿದದ್ದು."

ರಾತ್ರಿ ಟವರಿನಲ್ಲಿ ದೀಪ ಸಣ್ಣದು ಮಾಡುತ್ತಾರೆ. ಮೇಜು ಮಿನುಗಿದರೆ ಅದರ ಬಿಂಬ ಗಾಜಿನ ಮೇಲೆ ಬೀಳುತ್ತದೆ. ಗಾಜಿನಲ್ಲಿ ಮೇಜು ಕಂಡರೆ ರನ್‌ವೇ ದೀಪ ಕಾಣುವುದಿಲ್ಲ. ಟವರಿನ ಗಾಜುಗಳನ್ನು ಹೊರಕ್ಕೆ ಓರೆ ಮಾಡಿ ನಿಲ್ಲಿಸುವುದಕ್ಕೂ ಕಾರಣ ಅದೇ, ಪ್ರತಿಬಿಂಬ ಕಣ್ಣಿಗೆ ಬರದೆ ಬೇರೆ ಕಡೆ ಹೋಗಲಿ ಎಂದು. ಅದನ್ನು ತಿಳಿಯದೆ ಯಾವ ಬಡಗಿಯಾದರೂ ಆ ಕಪ್ಪನ್ನು ಕೊಳೆ ಎಂದೇ ತಿಳಿಯುತ್ತಾನೆ. ಚೆನ್ನಾಗಿ ಉಜ್ಜಿ, ಅರಗಿನ ಪಾಲಿಶ್ ಕೊಟ್ಟು, ತೇಗದ ನರ ಎದ್ದು ಕಾಣುವಂತೆ ಮಾಡಿ ಹಣ ಎಣಿಸಿಕೊಳ್ಳುತ್ತಾನೆ. ಆ ಹೊತ್ತಿಗೆ ಮೇಜಿನ ಅರ್ಧ ಕಥೆ ಕಸದ ಬುಟ್ಟಿಯಲ್ಲಿರುತ್ತದೆ.

ಆಮೇಲೆ ಅವರು ಸ್ಟೂಲ್ ಎಳೆದುಕೊಂಡು ಕೂತರು. ಬಲಗೈ ತಾನಾಗಿ ಸವೆದ ಅಂಚಿಗೆ ಹೋಯಿತು. ಎಡಗೈಯಲ್ಲಿ ಮೈಕು, ಬಲಗೈಯಲ್ಲಿ ಪೆನ್ನು, ಮೊಣಕೈ ಅಲ್ಲಿ. ಮುಚ್ಚಿದ ರಂಧ್ರಗಳನ್ನು ಒಂದೊಂದಾಗಿ ಮುಟ್ಟುತ್ತ ಹೇಳಿದರು: ಇಲ್ಲಿ ಗಾಳಿಯ ದಿಕ್ಕು ತೋರಿಸುವ ಗಡಿಯಾರ, ಇಲ್ಲಿ ವೇಗದ್ದು, ಇಲ್ಲಿ ಆಲ್ಟಿಮೀಟರಿನ ಒತ್ತಡ ನೋಡುವುದು, ಇಲ್ಲಿ ಅಗ್ನಿಶಾಮಕದವರ ನೇರ ಫೋನು. ಹೊಸ ಉಪಕರಣ ಬಂದ ಹಾಗೆಲ್ಲ ಯಾರೋ ಬಡಗಿ ಬಂದು ಹಳೆಯ ರಂಧ್ರ ಮುಚ್ಚಿ ಹೊಸದು ಕೊರೆದಿದ್ದಾನೆ. ಉಪಕರಣಗಳೆಲ್ಲ ಎಂದೋ ಗುಜರಿಗೆ ಹೋಗಿವೆ. ಯಾವುದರ ನಂತರ ಯಾವುದು ಬಂತು ಎಂಬ ಲೆಕ್ಕ ಆ ಹಲಗೆಯಲ್ಲಿ ಮಾತ್ರ ಉಳಿದಿದೆ.

ತೇದ ಪಟ್ಟಿಯ ವಿಷಯ ಬಂದಾಗ ಅವರು ಸ್ವಲ್ಪ ಹೊತ್ತು ಹೆಚ್ಚೇ ಮಾತಾಡಿದರು. ನಿಮಗೆ ಇದು ಹೇಳಬೇಕಾಗಿಲ್ಲ, ಆದರೆ ಪತ್ರ ಬಹಿರಂಗದ್ದಾದ್ದರಿಂದ ಬೇರೆಯವರೂ ಓದುತ್ತಾರೆ. ಸ್ಟ್ರಿಪ್ ಅಂದರೆ ಸುಮಾರು ಒಂದು ಇಂಚು ಅಗಲದ, ಗೇಣುದ್ದದ ಕಾಗದ. ಒಂದು ವಿಮಾನಕ್ಕೆ ಒಂದು. ಅದರ ಮೇಲೆ ವಿಮಾನದ ಕರೆ ಹೆಸರು, ಮಾದರಿ, ಎಲ್ಲಿಂದ ಎಲ್ಲಿಗೆ, ಎತ್ತರ, ಯಾವ ಬಿಂದುವನ್ನು ಎಷ್ಟು ಹೊತ್ತಿಗೆ ದಾಟುತ್ತದೆ ಎಂಬ ವಿವರ. ಅದನ್ನು ಒಂದು ಹೋಲ್ಡರಿಗೆ ಸಿಕ್ಕಿಸಿ ಇಳಿಜಾರು ಬೋರ್ಡಿನ ಪಟ್ಟಿಗಳ ನಡುವೆ ಇಡುತ್ತಾರೆ. ಒಂದನ್ನು ಕೆಳಗಿನಿಂದ ತೆಗೆದರೆ ಮೇಲಿನವು ಜಾರಿ ಕೆಳಗೆ ಬಂದು ಕೂರುತ್ತವೆ. ಎತ್ತರ ಬದಲಾದರೆ ಹಳೆಯ ಅಂಕಿಯನ್ನು ಅಳಿಸುವಂತಿಲ್ಲ, ಗೀಟು ಎಳೆದು ಪಕ್ಕದಲ್ಲಿ ಹೊಸದು ಬರೆಯಬೇಕು. ಇನ್ನೂ ತೀರ್ಮಾನವಾಗದ, ಗಮನ ಕೊಡಬೇಕಾದ ವಿಮಾನದ ಸ್ಟ್ರಿಪ್ಪನ್ನು ಸಾಲಿನಿಂದ ಸ್ವಲ್ಪ ಓರೆಯಾಗಿ ಹೊರಗೆಳೆದು ಇಡುತ್ತಾರೆ. ನಮ್ಮ ಮೇಜಿನಲ್ಲಿ ತೇದದ್ದು ಆ ಜಾಗ. ಬೆರಳು ಅಲ್ಲೇ ಎಳೆದು ಅಲ್ಲೇ ಒತ್ತಿ ಮರ ತೇದಿದೆ. ಒಬ್ಬರದಲ್ಲ, ಆ ಕುರ್ಚಿಯಲ್ಲಿ ಕೂತ ಎಲ್ಲರ ಬೆರಳು.

ಇಷ್ಟು ಕೇಳಿದ ಮೇಲೆ ಗಿರಾಕಿಯೇ ಕೌಂಟರ್ ಬೇಡ ಅಂದರು. ಮೇಜು ಕಪ್ಪು ಬಣ್ಣದೊಂದಿಗೇ ನನ್ನ ಅಂಗಡಿಯಲ್ಲಿದೆ. ಸ್ಟ್ರಿಪ್ ಹೋಲ್ಡರುಗಳು ಮಾತ್ರ ಒಂದೂ ಬರಲಿಲ್ಲ, ಅವನ್ನು ಹರಾಜಿನವರು ಬೇರೆ ಲಾಟಿನಲ್ಲಿ ಮಾರಿಬಿಟ್ಟಿದ್ದರು.

ಆ ದಿನದಿಂದ ನಿಮ್ಮ ವೃತ್ತಿಯ ಪೀಠೋಪಕರಣದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಓದುತ್ತ ಹೋದಂತೆ ನನಗೆ ಗಟ್ಟಿಯಾದ ಒಂದು ಮಾತಿದೆ. ನಿಮ್ಮ ಕೆಲಸದಲ್ಲಿ ಮೇಜು ಎನ್ನುವುದು ಉಪಕರಣ ಇಡುವ ಜಾಗವಾಗಿರಲಿಲ್ಲ, ಉಪಕರಣವೇ ಆಗಿತ್ತು. ರೇಡಾರ್ ಬರುವುದಕ್ಕೆ ಮೊದಲು ಆಕಾಶವನ್ನು ಕಾಣುವುದಕ್ಕೆ ನಿಮ್ಮ ಹಿರಿಯರಿಗೆ ಬೇರೆ ದಾರಿಯೇ ಇರಲಿಲ್ಲ. ಮೋಡದಾಚೆಯ ವಿಮಾನ ಅವರಿಗೆ ಕಂಡದ್ದು ಒಂದು ಹಲಗೆಯ ಮೇಲೆ.

ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣ ನೋಡಿ. 1920ರಲ್ಲಿ ಅಲ್ಲಿ ಎದ್ದದ್ದು ಜಗತ್ತಿನ ಮೊದಲ ಕಂಟ್ರೋಲ್ ಟವರು ಎನ್ನುತ್ತಾರೆ. ಹದಿನೈದು ಅಡಿ ಎತ್ತರ, ನಾಲ್ಕೂ ಕಡೆ ದೊಡ್ಡ ಕಿಟಕಿ, ಅಷ್ಟೇ. ಸುಮಾರು ಎರಡು ವರ್ಷದ ಮೇಲೆ, 1922ರ ಏಪ್ರಿಲ್ 7ರಂದು, ಲಂಡನ್ ಮತ್ತು ಪ್ಯಾರಿಸ್ ನಡುವೆ ಹಾರುತ್ತಿದ್ದ ಎರಡು ವಿಮಾನ ಫ್ರಾನ್ಸಿನ ಪಿಕಾರ್ಡಿ ಪ್ರಾಂತ್ಯದ ಮೇಲೆ ಮಂಜಿನಲ್ಲಿ ಡಿಕ್ಕಿಯಾಗಿ ಏಳು ಜನ ಸತ್ತರು. ಇಬ್ಬರೂ ಪೈಲಟ್‌ಗಳು ನೆಲದ ಮೇಲಿನ ಅದೇ ರಸ್ತೆಯನ್ನು ನೋಡುತ್ತ ಎದುರು ಬದುರು ಬರುತ್ತಿದ್ದರು. ಅಂಥ ಆಕಾಶವನ್ನು ಕ್ರಾಯ್ಡನ್ನಿನ ಅಧಿಕಾರಿಗಳು ನಿಭಾಯಿಸಿದ್ದು ನಕ್ಷೆಯ ಮೇಲೆ. ಪೈಲಟ್ ರೇಡಿಯೋದಲ್ಲಿ ಮಾತಾಡಿದರೆ ಕ್ರಾಯ್ಡನ್, ಲಿಂಪ್ನ್, ಪಲ್ಹಮ್ ಈ ಮೂರು ಕೇಂದ್ರಗಳಲ್ಲಿ ದನಿ ಯಾವ ದಿಕ್ಕಿನಿಂದ ಬಂತು ಎಂದು ಅಳೆಯುತ್ತಿದ್ದರು. ಮೂರೂ ದಿಕ್ಕುಗಳ ಗೆರೆ ನಕ್ಷೆಯ ಮೇಲೆ ಕೂಡಿದ ಕಡೆ ವಿಮಾನ ಇದೆ. ಜಗತ್ತಿನ ಮೊದಲ ಕಂಟ್ರೋಲರ್ ಲೈಸೆನ್ಸ್ ಪಡೆದ ಜಿಮ್ಮಿ ಜೆಫ್ಸ್ ಕೂತದ್ದು ಇಲ್ಲಿಯೇ. 1928ರಲ್ಲಿ ಕಟ್ಟಿದ ಟರ್ಮಿನಲ್ ಕಟ್ಟಡ, ಅದರ ಮೇಲಿನ ಟವರು ಇಂದಿಗೂ ಇದೆ. ನಿಲ್ದಾಣ 1959ರಲ್ಲಿ ಮುಚ್ಚಿತು. ಆಸಕ್ತರು ಆ ಟವರಿನ ಕೋಣೆಯನ್ನು ಜನ ನೋಡುವಂತೆ ಇಟ್ಟುಕೊಂಡಿದ್ದಾರೆ. ಅಲ್ಲಿಗೆ ಹೋದವರು ಮೊದಲು ಕೇಳುವ ಪ್ರಶ್ನೆ ಒಂದೇ ಇರಬೇಕು: ರೇಡಾರ್ ಇಲ್ಲದೆ ಹೇಗೆ ಮಾಡುತ್ತಿದ್ದರು? ಕೋಣೆ ಇದ್ದರೆ ಉತ್ತರ ಹೇಳಬಹುದು.

ಅಮೆರಿಕದ ಆರಂಭ ಇನ್ನೂ ಬಡತನದ್ದು. ಸೇಂಟ್ ಲೂಯಿಸ್ ನಗರದಲ್ಲಿ 1929ರಲ್ಲಿ ಆರ್ಚಿ ಲೀಗ್ ಎಂಬಾತ ತಳ್ಳುಗಾಡಿಯಲ್ಲಿ ಒಂದು ಮಡಚುವ ಕುರ್ಚಿ, ಬಿಸಿಲಿಗೊಂದು ಕೊಡೆ, ಎರಡು ಬಾವುಟ ಹಾಕಿಕೊಂಡು ಮೈದಾನದ ತುದಿಗೆ ಹೋಗಿ ಕೂರುತ್ತಿದ್ದ. ಒಂದು ಬಾವುಟ ತೋರಿಸಿದರೆ ಹೋಗು, ಇನ್ನೊಂದು ತೋರಿಸಿದರೆ ನಿಲ್ಲು. ಕಂಟ್ರೋಲರಿನ ಪೀಠೋಪಕರಣದ ಪಟ್ಟಿ ಮಾಡುವುದಾದರೆ ಆ ಕುರ್ಚಿಯನ್ನು ಮೊದಲ ಸಾಲಿನಲ್ಲೇ ಬರೆಯಬೇಕು.

ಅದೇ ದೇಶದ ನ್ಯೂವಾರ್ಕಿನದು ಬೇರೆ ಮಾತು. 1935ರ ಡಿಸೆಂಬರ್ 1ರಂದು ಅಲ್ಲಿ ಮೊದಲ ಏರ್‌ವೇ ಟ್ರಾಫಿಕ್ ಕಂಟ್ರೋಲ್ ಕೇಂದ್ರ ಶುರುವಾಯಿತು, ಸರ್ಕಾರದಿಂದಲ್ಲ, ವಿಮಾನ ಕಂಪನಿಗಳೇ ಕೂಡಿ ಮಾಡಿಕೊಂಡದ್ದು. ಮರುವರ್ಷ ಜುಲೈನಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು. ಅಲ್ಲಿದ್ದವರಿಗೆ ಪೈಲಟ್ ಜೊತೆ ನೇರವಾಗಿ ಮಾತಾಡುವ ರೇಡಿಯೋ ಕೂಡ ಇರಲಿಲ್ಲ. ಕಂಪನಿಯ ಕಚೇರಿಗೆ ಫೋನು, ಅವರಿಂದ ಪೈಲಟ್‌ಗೆ ರೇಡಿಯೋ, ಉತ್ತರ ಅದೇ ದಾರಿಯಲ್ಲಿ ವಾಪಸು. ಕೋಣೆಯಲ್ಲಿ ಇದ್ದದ್ದು ಕಪ್ಪು ಹಲಗೆ, ಫೋನುಗಳು, ನಕ್ಷೆ ಹಾಸಿದ ದೊಡ್ಡ ಮೇಜು. ನಕ್ಷೆಯ ಮೇಲೆ ದೋಣಿಯಾಕಾರದ ಪುಟ್ಟ ಬಿಲ್ಲೆಗಳು. ಶ್ರಿಂಪ್ ಬೋಟ್ ಎಂದು ಕರೆಯುತ್ತಿದ್ದರು. ಪ್ರತಿ ಬಿಲ್ಲೆಗೂ ಒಂದು ಚೀಟಿ. ವಿಮಾನ ಎಲ್ಲಿರಬೇಕು ಎಂದು ಲೆಕ್ಕ ಹಾಕಿ ಕಂಟ್ರೋಲರ್ ತನ್ನ ಕೈಯಿಂದ ಬಿಲ್ಲೆಯನ್ನು ಮುಂದೆ ದೂಡಬೇಕು. ಆಕಾಶದಲ್ಲಿ ಎರಡು ವಿಮಾನಗಳ ನಡುವೆ ಇದ್ದ ಅಂತರ ಆ ಮೇಜಿನ ಮೇಲೆ ಎರಡು ಬಿಲ್ಲೆಗಳ ನಡುವಿನ ಬೆರಳಗಲ. ಮುಂದೆ ರೇಡಾರ್ ಬಂದಾಗಲೂ ಬಿಲ್ಲೆ ಹೋಗಲಿಲ್ಲ. ರೇಡಾರ್ ಪರದೆಯನ್ನೇ ಮೇಜಿನಂತೆ ಅಡ್ಡ ಮಲಗಿಸಿ, ಅದರ ಮೇಲೆ ಪ್ಲಾಸ್ಟಿಕ್ಕಿನ ಬಿಲ್ಲೆ ಇಟ್ಟು ತಳ್ಳುತ್ತಿದ್ದರು. ಮೇಜಿನ ಅಭ್ಯಾಸ ಪರದೆಯೊಳಕ್ಕೆ ಹೀಗೆ ದಾಟಿಕೊಂಡಿತು.

ಇನ್ನೊಂದು ಕೋಣೆಯನ್ನು ಹೇಳದೆ ಇರಲಾರೆ. ಅದು ನಾಗರಿಕ ವಿಮಾನದ್ದಲ್ಲ, ಯುದ್ಧದ್ದು. ಆದರೂ ಮೇಜಿನಿಂದ ಆಕಾಶ ನಡೆಸುವ ವಿದ್ಯೆ ಅಲ್ಲಿ ಪರಾಕಾಷ್ಠೆಗೆ ಮುಟ್ಟಿತ್ತು. ಪಶ್ಚಿಮ ಲಂಡನ್ನಿನ ಅಕ್ಸ್‌ಬ್ರಿಜ್‌ನಲ್ಲಿ ನೆಲದಿಂದ ಸುಮಾರು 60 ಅಡಿ ಕೆಳಗೆ ಬ್ರಿಟಿಷ್ ವಾಯುಪಡೆಯ 11ನೇ ಗ್ರೂಪಿನ ಕಾರ್ಯಾಚರಣೆ ಕೋಣೆ ಇದೆ. ನಡುವೆ ಆಗ್ನೇಯ ಇಂಗ್ಲೆಂಡಿನ ನಕ್ಷೆ ಇರುವ ದೊಡ್ಡ ಮೇಜು. ಸುತ್ತ ನಿಂತ ಯುವತಿಯರು ಉದ್ದನೆಯ ಕೋಲಿನಿಂದ ಮರದ ಬಿಲ್ಲೆಗಳನ್ನು ತಳ್ಳುತ್ತಿದ್ದರು. ಗೋಡೆಯ ಗಡಿಯಾರದಲ್ಲಿ ಐದೈದು ನಿಮಿಷಕ್ಕೆ ಒಂದು ಬಣ್ಣ: ಕೆಂಪು, ಹಳದಿ, ನೀಲಿ. ಸುದ್ದಿ ಬಂದ ಹೊತ್ತಿನಲ್ಲಿ ಮುಳ್ಳು ಯಾವ ಬಣ್ಣದ ಮೇಲಿದೆಯೋ ಮೇಜಿನ ಮೇಲೆ ಆ ಬಣ್ಣದ ಬಾಣ. ಮಹಡಿಯ ಮೇಲೆ ಕೂತ ಅಧಿಕಾರಿ ಯಾರನ್ನೂ ಕೇಳಬೇಕಾಗಿರಲಿಲ್ಲ. ಬಣ್ಣ ನೋಡಿದರೆ ಸುದ್ದಿ ಎಷ್ಟು ಹಳೆಯದು ಎಂದು ಗೊತ್ತಾಗುತ್ತಿತ್ತು. 1940ರ ಸೆಪ್ಟೆಂಬರ್ 15ರಂದು ಚರ್ಚಿಲ್ ಅಲ್ಲಿ ಕೂತು ಯುದ್ಧ ನಡೆಯುವುದನ್ನು ನೋಡಿದರು. ಅವರು ನೋಡಿದ್ದೂ ಮೇಜನ್ನೇ. ಇಂದು ಅದು ಮ್ಯೂಸಿಯಂ. ಗಡಿಯಾರವನ್ನು ಬೇರೆ, ಮೇಜನ್ನು ಬೇರೆ, ಬಿಲ್ಲೆಗಳನ್ನು ಬೇರೆ ಹರಾಜು ಹಾಕಿದ್ದರೆ ಯಾವುದೂ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಒಟ್ಟಿಗಿರುವುದರಿಂದ ಹತ್ತು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ಈ ಮಾತನ್ನು ಕೇವಲ ಮರದ ಮೇಲಿನ ಪ್ರೀತಿಯಿಂದ ಹೇಳುತ್ತಿದ್ದೇನೆ ಅನ್ನಿಸಬಹುದು. ಹಾಗಲ್ಲ. ಸ್ಟ್ರಿಪ್ ಬೋರ್ಡನ್ನು ತೆಗೆದು ಎಲ್ಲವನ್ನೂ ಕಂಪ್ಯೂಟರಿಗೆ ಕೊಡಬೇಕೆಂದು ಯೂರೋಪಿನ ಎಂಜಿನಿಯರುಗಳು ಪ್ರಯತ್ನಿಸಿದಾಗ ಅಧ್ಯಯನ ಮಾಡುವವರನ್ನು ಕೋಣೆಯೊಳಗೆ ಕೂರಿಸಿದರು. ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞರು ಲಂಡನ್ ಕೇಂದ್ರದಲ್ಲಿ, ವೆಂಡಿ ಮೆಕೇ ಎಂಬ ಸಂಶೋಧಕಿ ಪ್ಯಾರಿಸ್ ಬಳಿಯ ಆತಿಸ್ ಮೋನ್ಸ್ ಕೇಂದ್ರದಲ್ಲಿ ಕಂಟ್ರೋಲರುಗಳ ಹಿಂದೆ ಕೂತು ಪಾಳಿ ಪಾಳಿಯೇ ನೋಡಿದರು. ಅವರಿಗೆ ಕಂಡದ್ದೇನು? ಸ್ಟ್ರಿಪ್ಪನ್ನು ಕೈಯಿಂದ ಸರಿಸಿ ಜೋಡಿಸುವ ಕೆಲಸವೇ ಕಂಟ್ರೋಲರನ್ನು ಆ ವಿಮಾನದ ಬಗ್ಗೆ ಯೋಚಿಸುವಂತೆ ಮಾಡುತ್ತದೆ. ಯಂತ್ರ ತಾನೇ ಜೋಡಿಸಿಕೊಟ್ಟರೆ ಆ ಯೋಚನೆಯ ಕ್ಷಣ ತಪ್ಪಿಹೋಗುತ್ತದೆ. ಬೋರ್ಡು ಇಬ್ಬರ ನಡುವೆ ಇರುವುದರಿಂದ ಪಕ್ಕದವರು ಬಾಯಿಬಿಟ್ಟು ಕೇಳದೆಯೇ ಪರಿಸ್ಥಿತಿ ಎಷ್ಟು ಬಿಗಿಯಾಗಿದೆ ಎಂದು ಓದಿಕೊಳ್ಳುತ್ತಾರೆ. ಓರೆಯಾಗಿ ಹೊರಗೆಳೆದ ಸ್ಟ್ರಿಪ್ಪು ಮಾತಿಲ್ಲದೆ ಎಚ್ಚರಿಸುತ್ತದೆ. ಮೆಕೇ ಅವರ ಲೇಖನದ ಶೀರ್ಷಿಕೆಯೇ ಕಾಗದ ಹೆಚ್ಚು ಸುರಕ್ಷಿತವೇ ಎಂದು ಕೇಳುತ್ತದೆ. ಇಂದು ಎಲೆಕ್ಟ್ರಾನಿಕ್ ಸ್ಟ್ರಿಪ್ಪಿನ ಪರದೆಯಲ್ಲೂ ಸ್ಟ್ರಿಪ್ಪು ಉದ್ದನೆಯ ಪಟ್ಟಿಯ ಆಕಾರದಲ್ಲೇ ಇದೆ, ಸಾಲುಗಳಲ್ಲೇ ಕೂರುತ್ತದೆ, ಬೆರಳಲ್ಲಿ ಎಳೆದರೆ ಸರಿಯುತ್ತದೆ. ಬಡಗಿ ಮಾಡಿದ ಇಳಿಜಾರು ಹಲಗೆಯ ನಿಯಮಗಳು ಸಾಫ್ಟ್‌ವೇರಿನೊಳಗೆ ಇನ್ನೂ ಓಡುತ್ತಿವೆ. ಆ ನಿಯಮಗಳ ಮೂಲ ಪ್ರತಿಯನ್ನು ನಾವು ಘನ ಅಡಿಯ ಲೆಕ್ಕದಲ್ಲಿ ಮಾರುತ್ತಿದ್ದೇವೆ.

ಕಾಗದ ಉಳಿದಿರಬಹುದಲ್ಲ, ಅದನ್ನು ನೋಡಿ ತಿಳಿಯಬಹುದಲ್ಲ ಎಂದು ಕೇಳಿದವರಿದ್ದಾರೆ. ಬಳಸಿದ ಸ್ಟ್ರಿಪ್ಪುಗಳನ್ನು ಕನಿಷ್ಠ 30 ದಿನ ಇಡಬೇಕು ಎನ್ನುವುದು ಅಂತರರಾಷ್ಟ್ರೀಯ ನಿಯಮ. ಅಪಘಾತದ ತನಿಖೆಗೆ ಬೇಕಾದವನ್ನು ಬಿಟ್ಟರೆ ಆಮೇಲೆ ಅವುಗಳನ್ನು ಇಡುವ ಬಾಧ್ಯತೆ ಯಾರಿಗೂ ಇಲ್ಲ. ಅದು ಸರಿಯೂ ಹೌದು, ದಿನಕ್ಕೆ ನೂರಾರು ಚೀಟಿ ಎಲ್ಲಿ ಇಡುತ್ತೀರಿ. ಆದರೆ ಅದರ ಅರ್ಥ ಏನೆಂದರೆ, ದಶಕಗಳ ನಿಮ್ಮ ದಿನನಿತ್ಯದ ಕೆಲಸಕ್ಕೆ ಸಾಕ್ಷಿಯಾಗಿ ಉಳಿಯುವುದು ಮೇಜು ಮತ್ತು ನಿಮ್ಮ ನೆನಪು, ಎರಡೇ. ಅಪಘಾತವಾದ ದಿನದ ಕಾಗದ ತನಿಖೆಯ ಕಡತದಲ್ಲಿ ಉಳಿಯುತ್ತದೆ. ಏನೂ ಆಗದೆ ಎಲ್ಲ ವಿಮಾನ ಇಳಿದ ಸಾವಿರಾರು ದಿನಗಳದ್ದು ಉಳಿಯುವುದಿಲ್ಲ.

ಟವರೇ ಬೇಡವಾಗುವ ಕಾಲವೂ ಬಂದಿದೆ. ಸ್ವೀಡನ್ನಿನಲ್ಲಿ 2015ರಿಂದ ಓರ್ನ್‌ಶೋಲ್ಡ್ಸ್‌ವಿಕ್ ನಿಲ್ದಾಣವನ್ನು ಬಲು ದೂರದ ಸುಂಡ್ಸ್‌ವಾಲ್‌ನಲ್ಲಿ ಕೂತು ಕ್ಯಾಮೆರಾ ಪರದೆಯಲ್ಲಿ ನೋಡಿ ನಡೆಸುತ್ತಿದ್ದಾರೆ. 2021ರಲ್ಲಿ ಲಂಡನ್ ಸಿಟಿ ವಿಮಾನ ನಿಲ್ದಾಣವೂ ಅದೇ ದಾರಿ ಹಿಡಿಯಿತು. ನಮ್ಮಲ್ಲಿ ದೆಹಲಿಯ ಹೊಸ ಟವರು ನೂರು ಮೀಟರ್ ಮೀರಿ ಎದ್ದಿದೆ, ಅದರ ಕನ್ಸೋಲುಗಳು ಹೊಸ ಕಾಲದವು, ಎತ್ತರ ಇಳಿಸಿ ಏರಿಸಬಹುದಾದವು. ಬೆನ್ನು ನೋವಿಲ್ಲದೆ ಪಾಳಿ ಮಾಡುವುದು ನಿಮ್ಮ ಹಕ್ಕು, ಹಳೆಯ ಮೇಜಿನಲ್ಲೇ ಕೂತಿರಿ ಎಂದು ನಾನು ಖಂಡಿತ ಹೇಳುವುದಿಲ್ಲ. ಹಳೆಯದು ಹೋಗಲಿ. ಎಲ್ಲಿಗೆ, ಹೇಗೆ ಹೋಗುತ್ತದೆ ಎಂಬುದಷ್ಟೇ ನನ್ನ ತಕರಾರು.

ನಮ್ಮ ರಾಜ್ಯದ ಮಟ್ಟಿಗೆ ಹೇಳುತ್ತೇನೆ. ಬೆಂಗಳೂರಿನ ಎಚ್‌ಎಎಲ್ ಹೆರಿಟೇಜ್ ಸೆಂಟರ್ 2001ರಿಂದ ಇದೆ. ಅಲ್ಲಿ ವಿಮಾನಗಳಿವೆ, ಸೀಳಿ ತೋರಿಸಿದ ಎಂಜಿನುಗಳಿವೆ, ಒಂದು ಮಾದರಿ ಟವರು ಕೂಡ ಇದೆ. ಮಕ್ಕಳು ಅದನ್ನು ಹತ್ತಿ ಇಳಿಯುತ್ತಾರೆ. ಅದರ ಜೊತೆಗೆ ನಿಜವಾಗಿ ಕೆಲಸ ಮಾಡಿದ ಒಂದು ಪೊಸಿಷನ್, ಅಂದರೆ ಒಬ್ಬ ಕಂಟ್ರೋಲರ್ ಕೂತು ಕೆಲಸ ಮಾಡುವ ಜಾಗ, ಪೂರ್ತಿಯಾಗಿ, ಸವೆತದ ಸಮೇತ ಇಟ್ಟರೆ ಎಷ್ಟು ಹೇಳಬಹುದು! ಇಂಥದನ್ನು ಹುಡುಕಬಹುದಾದ ಕಡೆಗಳೂ ನಮ್ಮಲ್ಲಿವೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆದು ಎಚ್‌ಎಎಲ್ ನಿಲ್ದಾಣದಿಂದ ಪ್ರಯಾಣಿಕರ ವಿಮಾನ ನಿಂತವು. 1942ರಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿದ ಬೆಳಗಾವಿಯ ಸಾಂಬ್ರಾ, 1951ರಲ್ಲಿ ನೆಹರೂ ಬಂದಿಳಿದ ಮಂಗಳೂರಿನ ಬಜಪೆ, ಮೈಸೂರಿನ ಮಂಡಕಳ್ಳಿ, ಪೈಲಟ್‌ಗಳನ್ನು ತಯಾರು ಮಾಡಿದ ಜಕ್ಕೂರು, ಇವೆಲ್ಲ ರೇಡಾರ್ ಪರದೆಯ ಕಾಲಕ್ಕಿಂತ ಹಿಂದಿನ ನೆಲಗಳು. ಅಲ್ಲಿ ಕೆಲಸ ಮಾಡಿದವರು ನಿಮ್ಮ ನಡುವೆ ಇದ್ದಾರೆ. ಯಾವ ಸ್ಟೋರಿನಲ್ಲಿ ಏನಿದೆ ಎಂದು ನನಗಿಂತ ನಿಮಗೆ ಗೊತ್ತು.

ಸರ್ಕಾರಿ ಸೊತ್ತು, ನಿಯಮದ ಪ್ರಕಾರ ಹರಾಜು ಹಾಕಲೇಬೇಕು ಎನ್ನುತ್ತೀರಿ. ನಿಯಮ ಮುರಿಯಿರಿ ಎಂದು ಕೇಳುತ್ತಿಲ್ಲ. ಕಂಡಮ್ ಪಟ್ಟಿಗೆ ಸಹಿ ಹಾಕುವ ಸಮಿತಿಯಲ್ಲಿ ನಿಮ್ಮ ಪೈಕಿ ಒಬ್ಬರಾದರೂ ಇರುತ್ತೀರಿ, ಇಲ್ಲವೇ ಸಮಿತಿಯವರ ಪರಿಚಯವಾದರೂ ಇರುತ್ತದೆ. 'ಹಳೆ ಮರದ ಸಾಮಾನು' ಎಂದು ಬರೆಯುವ ಕಡೆ 'ಟವರಿನ ಸ್ಟ್ರಿಪ್ ಬೋರ್ಡ್ ಸಹಿತ ಕನ್ಸೋಲ್' ಎಂದು ಬರೆಸಿ. ಹೆಸರಿದ್ದ ವಸ್ತುವನ್ನು ಮ್ಯೂಸಿಯಮ್ಮಿನವರು ಕೇಳಬಹುದು, ಕಾಲೇಜಿನವರು ಕೇಳಬಹುದು. ಹೆಸರಿಲ್ಲದ ಲಾಟನ್ನು ಗುಜರಿಯವರು ಮಾತ್ರ ಕೇಳುತ್ತಾರೆ.

ಹತ್ತು ಮೇಜಿನ ಹತ್ತು ತುಂಡು ಉಳಿಸುವುದಕ್ಕಿಂತ ಒಂದೇ ಪೊಸಿಷನ್ನನ್ನು ಇಡಿಯಾಗಿ ಉಳಿಸಿ. ಕುರ್ಚಿ, ಹೋಲ್ಡರುಗಳು, ಗಡಿಯಾರ, ಲಾಗ್ ಪುಸ್ತಕದ ಗೂಡು, ಸಿಗ್ನಲ್ ದೀಪ ತೂಗುಹಾಕುತ್ತಿದ್ದ ಕೊಂಡಿ ಎಲ್ಲ ಸೇರಿ. ಆ ದೀಪವೂ ಮುಖ್ಯ. ರೇಡಿಯೋ ಕೈಕೊಟ್ಟ ವಿಮಾನಕ್ಕೆ ಸ್ಥಿರವಾದ ಹಸಿರು ಬೆಳಕು ತೋರಿಸಿದರೆ ಇಳಿ ಎಂದು, ಸ್ಥಿರವಾದ ಕೆಂಪು ತೋರಿಸಿದರೆ ದಾರಿ ಬಿಟ್ಟು ಸುತ್ತುತ್ತಿರು ಎಂದು ಅರ್ಥ. ಕೂತಲ್ಲಿಂದ ಕೈ ಎತ್ತಿದರೆ ಸಿಗುವಂತೆ ಕೊಂಡಿಯನ್ನು ಎಷ್ಟು ಎತ್ತರದಲ್ಲಿ ಹಾಕಿದ್ದರು ಎಂಬುದು ಅಳತೆ ತೆಗೆಯಬೇಕಾದ ಸಂಗತಿ.

ಸ್ವಚ್ಛ ಮಾಡಬೇಡಿ. ಒಣ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು. ವಾರ್ನಿಶ್ ಬೇಡ, ಬಣ್ಣ ಬೇಡ, ರಂಧ್ರ ಮುಚ್ಚುವುದು ಬೇಡ. ಡ್ರಾಯರಿನ ತಳದಲ್ಲಿ, ಹಲಗೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಏನಾದರೂ ಬರೆದಿದ್ದರೆ ಹಾಗೇ ಬಿಡಿ. ಫೋನ್ ನಂಬರು, ಯಾರೋ ಹಾಕಿದ ಲೆಕ್ಕ, ಬಡಗಿಯ ಗುರುತು ಯಾವುದಿದ್ದರೂ ಸರಿ. ಇದ್ದ ಜಾಗದಿಂದ ಕದಲಿಸುವ ಮುನ್ನ ಫೋಟೋ ತೆಗೆಯಿರಿ, ಕಿಟಕಿಯ ಸಮೇತ. ಮೇಜು ಎಷ್ಟು ತಗ್ಗಿದ್ದರೆ ಕೂತವರ ಕಣ್ಣಿಗೆ ರನ್‌ವೇಯ ತುದಿ ಕಾಣುತ್ತಿತ್ತು ಎಂಬುದು ಕೋಣೆ ಖಾಲಿಯಾದ ಮೇಲೆ ಯಾರೂ ಹೇಳಲಾರರು.

ಇದಕ್ಕಿಂತ ಹೆಚ್ಚಾಗಿ, ಹಿರಿಯರನ್ನು ಕರೆತಂದು ಆ ಮೇಜಿನ ಮುಂದೆ ಕೂರಿಸಿ. ಮನೆಯ ಸೋಫಾದಲ್ಲಿ ಕೂರಿಸಿ ಕೇಳಿದರೆ ಅವರು ತಮ್ಮ ಪೋಸ್ಟಿಂಗುಗಳ ಪಟ್ಟಿ ಹೇಳುತ್ತಾರೆ. ಮೇಜಿನ ಮುಂದೆ ಕೂತರೆ ಕೈ ಮಾತಾಡುತ್ತದೆ. ನನ್ನ ಅಂಗಡಿಯಲ್ಲಿ ನಾನು ಕಂಡದ್ದು ಅದನ್ನೇ. ಮಳೆಗಾಲದ ರಾತ್ರಿ ಒಂದರ ಮೇಲೊಂದು ವಿಮಾನ ಸುತ್ತುತ್ತಿದ್ದಾಗ ಸ್ಟ್ರಿಪ್ಪುಗಳನ್ನು ಹೇಗೆ ಏರಿಸಿ ಜೋಡಿಸುತ್ತಿದ್ದರು, ಕರೆಂಟು ಹೋದರೆ ಮೊದಲು ಯಾವುದಕ್ಕೆ ಕೈ ಹೋಗುತ್ತಿತ್ತು, ಪಾಳಿ ಒಪ್ಪಿಸುವಾಗ ಹಿಂದೆ ನಿಂತವರು ಎಷ್ಟು ಹೊತ್ತು ಬೋರ್ಡು ನೋಡಿ ತಲೆಯಾಡಿಸುತ್ತಿದ್ದರು, ಇವನ್ನೆಲ್ಲ ಫೋನಿನಲ್ಲೇ ಚಿತ್ರೀಕರಿಸಿಕೊಳ್ಳಿ. ಭಾಷೆ ಕನ್ನಡವಿರಲಿ, ತುಳುವಿರಲಿ, ಹಿಂದಿಯಿರಲಿ, ಅವರಿಗೆ ಬಂದ ಹಾಗೆ ಹೇಳಲಿ. ಈ ಕೆಲಸಕ್ಕೆ ಕಾಲ ಹೆಚ್ಚಿಲ್ಲ. ರೇಡಾರ್ ಇಲ್ಲದೆ ಪಾಳಿ ಮಾಡಿದ ತಲೆಮಾರಿನವರಿಗೆ ಈಗ ವಯಸ್ಸಾಗಿದೆ.

ನನ್ನ ಪಾಲಿನದನ್ನೂ ಹೇಳಿಬಿಡುತ್ತೇನೆ. ಕರ್ನಾಟಕದ ಯಾವ ನಿಲ್ದಾಣದಲ್ಲಾದರೂ ಇಂಥ ಮೇಜು ಉಳಿದಿದ್ದು, ಅದನ್ನು ಕೊಡಲು ಅಧಿಕಾರ ಇರುವವರು ಒಪ್ಪಿದರೆ, ಅಳತೆ ತೆಗೆದು, ನಕ್ಷೆ ಬರೆದು, ಭಾಗಗಳಿಗೆ ನಂಬರು ಹಾಕಿ ಬಿಚ್ಚಿ, ಹೇಳಿದ ಕಡೆ ಮತ್ತೆ ಜೋಡಿಸಿಕೊಡುತ್ತೇನೆ. ಗೆದ್ದಲು ಹಿಡಿದಿದ್ದರೆ ಅಷ್ಟಕ್ಕೆ ಮಾತ್ರ ಔಷಧಿ ಹಾಕುತ್ತೇನೆ, ಬೇರೆ ಏನನ್ನೂ ಮುಟ್ಟುವುದಿಲ್ಲ. ಕೂಲಿ ಬೇಡ. ನನ್ನ ಅಂಗಡಿಯಲ್ಲಿರುವ ಕಪ್ಪು ಮೇಜನ್ನೂ ಅದರ ಜೊತೆಗೆ ಕೊಡಲು ಗಿರಾಕಿ ಒಪ್ಪಿದ್ದಾರೆ. ಸಾಗಿಸಲು ಒಂದು ಗಾಡಿ ಬೇಕು, ಬಿಚ್ಚುವ ದಿನ ಆ ಪೊಸಿಷನ್ನಿನಲ್ಲಿ ಕೂತು ಕೆಲಸ ಮಾಡಿದ ಒಬ್ಬರು ನನ್ನ ಪಕ್ಕದಲ್ಲಿ ಇರಬೇಕು. ಯಾವ ಸ್ಕ್ರೂ ಮೊದಲು ಬಿಚ್ಚಬೇಕು ಎಂದು ನನಗೆ ಗೊತ್ತಿದೆ. ಅದರ ಮೇಲೆ ಏನಿತ್ತು ಎಂದು ಅವರು ಹೇಳಬೇಕು, ಬರೆದುಕೊಳ್ಳಲು ಪುಸ್ತಕ ನಾನೇ ತರುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಹಳೆಯ ಮರದ ಸಾಮಾನು ದುರಸ್ತಿ ಮಾಡುವ ಒಬ್ಬ ಬಡಗಿ
ಬೆಂಗಳೂರು